ಮುಟ್ಟಿನ ಹೊಟ್ಟೆನೋವು: ನೋವು ಏರುವ ಮುಂಚೆ ಏನು ಮಾಡಬೇಕು, ಏರಿದ ಮೇಲೆ ಏನು ಮಾಡಬೇಕು

ಮುಟ್ಟಿನ ನೋವಿಗೆ ಮನೆಮದ್ದು ಕೆಲಸ ಮಾಡಲಿಲ್ಲ ಅನ್ನುವವರನ್ನು ಸ್ವಲ್ಪ ಬಿಡಿಸಿ ಕೇಳಿ ನೋಡಿ. ಎಷ್ಟೋ ಸಲ ಮದ್ದು ಸರಿಯಾಗೇ ಇರುತ್ತದೆ, ಹೊತ್ತು ತಪ್ಪಿರುತ್ತದೆ. ಕಿಬ್ಬೊಟ್ಟೆ ಸಣ್ಣಗೆ ಹಿಂಡತೊಡಗಿದಾಗ "ಇರಲಿ, ತಡ್ಕೊಳ್ಳೋಣ" ಅಂತ ಹಲ್ಲು ಕಚ್ಚಿ ಕೂರುತ್ತೇವೆ. ಆಮೇಲೆ ಮೈ ಬೆವತು, ತೊಡೆ ಸೆಳೆದು, ವಾಂತಿ ಬರುವ ಹಾಗಾಗಿ, ಎದ್ದು ನಿಲ್ಲಲೂ ಆಗದ ಸ್ಥಿತಿಗೆ ಬಂದ ಮೇಲೆ ಬಿಸಿನೀರಿನ ಚೀಲ ಎಲ್ಲಿದೆ ಅಂತ ಹುಡುಕುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವಳು. ಅದೇ ಚೀಲ, ಅದೇ ಶುಂಠಿ ನೀರು, ನಾಲ್ಕು ಗಂಟೆ ಮುಂಚೆ ಶುರು ಮಾಡಿದಾಗ ಆದ ವ್ಯತ್ಯಾಸ ನೋಡಿದ ಮೇಲೇ ಇದನ್ನೆಲ್ಲ ಬರೆದಿಡಬೇಕು ಅನ್ನಿಸಿದ್ದು.

ಹಾಗಾಗಿ ಈ ಮಾರ್ಗದರ್ಶಿಯನ್ನು ಮದ್ದುಗಳ ಪಟ್ಟಿಯ ಹಾಗೆ ಓದಬೇಡಿ, ಗಡಿಯಾರ ನೋಡಿಕೊಂಡು ಓದಿ. ಯಾವುದು ಯಾವಾಗ ಅನ್ನುವುದೇ ಇಲ್ಲಿ ಮುಖ್ಯ.

ಈ ನೋವು ಎಲ್ಲಿಂದ ಬರುತ್ತದೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಗರ್ಭಕೋಶ ಅಂದರೆ ಸ್ನಾಯುವಿನ ಒಂದು ಚೀಲ. ಪ್ರತಿ ತಿಂಗಳು ಅದರ ಒಳಗಡೆ ಒಂದು ಪದರ ಬೆಳೆಯುತ್ತದೆ, ಗರ್ಭ ನಿಲ್ಲದಿದ್ದರೆ ಆ ಪದರ ಕಳಚಿಕೊಳ್ಳುತ್ತದೆ. ಕಳಚುವಾಗ ಅದರಿಂದ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಹೊರಬರುತ್ತದೆ. ಆ ಪದರವನ್ನು ಹೊರಗೆ ತಳ್ಳಲಿ ಅಂತ ಇದು ಗರ್ಭಕೋಶದ ಸ್ನಾಯುವನ್ನು ಹಿಂಡಿಸುತ್ತದೆ. ಪ್ರೊಸ್ಟಗ್ಲಾಂಡಿನ್ ಜಾಸ್ತಿಯಾದರೆ ಹಿಂಡುವಿಕೆಯೂ ಜೋರಾಗುತ್ತದೆ, ಎಷ್ಟು ಜೋರು ಅಂದರೆ ಆ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳೇ ಒತ್ತಿಹೋಗುತ್ತವೆ. ರಕ್ತ ಸಾಕಷ್ಟು ಸಿಗದ ಸ್ನಾಯು ನೋಯುತ್ತದೆ. ಇದೇ ರಾಸಾಯನಿಕ ಅಕ್ಕಪಕ್ಕದ ಕರುಳಿಗೂ ರಕ್ತಕ್ಕೂ ಸೇರುವುದರಿಂದ ಮೊದಲ ದಿನ ಭೇದಿ, ವಾಕರಿಕೆ, ತಲೆನೋವು, ಸುಸ್ತು ಎಲ್ಲ ಒಟ್ಟಿಗೇ ಬರುತ್ತವೆ. "ಹೊಟ್ಟೆ ಕೆಟ್ಟಿದೆಯೋ, ಮುಟ್ಟಿನದೋ" ಅಂತ ಗೊಂದಲವಾಗುವುದು ಇದಕ್ಕೇ.

ಈ ಪ್ರೊಸ್ಟಗ್ಲಾಂಡಿನ್ ಅತಿ ಹೆಚ್ಚಿರುವುದು ರಕ್ತ ಶುರುವಾದ ಮೊದಲ ಒಂದೆರಡು ದಿನ. ಅದಕ್ಕೇ ಸಾಮಾನ್ಯ ಮುಟ್ಟಿನ ನೋವು ರಕ್ತ ಕಾಣುವ ಕೆಲವು ಗಂಟೆ ಮುಂಚೆ ಅಥವಾ ಜೊತೆಗೇ ಶುರುವಾಗಿ, ಎರಡು ಮೂರು ದಿನದೊಳಗೆ ಇಳಿದುಬಿಡುತ್ತದೆ. ನೋವು ಏರಿದ ಮೇಲೆ ಓಡುವುದಕ್ಕಿಂತ ಏರುವ ಮುಂಚೆ ತಡೆಯುವುದು ಸುಲಭ ಅನ್ನುವುದೂ ಇದರಿಂದಲೇ.

ನೋವು ಬೇರೊಂದು ಕಾಯಿಲೆಯ ಲಕ್ಷಣವಾಗಿಯೂ ಬರಬಹುದು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗಡೆ ಬೆಳೆಯುವ ಎಂಡೋಮೆಟ್ರಿಯೋಸಿಸ್, ಸ್ನಾಯುವಿನೊಳಕ್ಕೇ ನುಗ್ಗುವ ಅಡಿನೋಮಯೋಸಿಸ್, ಫೈಬ್ರಾಯ್ಡ್ ಗಡ್ಡೆ, ಸೋಂಕು, ಗರ್ಭ ನಿಲ್ಲದಿರಲಿ ಅಂತ ಹಾಕಿಸಿಕೊಳ್ಳುವ ತಾಮ್ರದ ವಂಕಿ (ಕಾಪರ್-ಟಿ), ಹೀಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎಂಡೋಮೆಟ್ರಿಯೋಸಿಸ್ ಒಂದೇ ಮುಟ್ಟಾಗುವ ವಯಸ್ಸಿನ ಸುಮಾರು 10% ಹೆಂಗಸರಲ್ಲಿ ಇದೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನ. ಇವುಗಳಿಗೆ ಶುಂಠಿ ನೀರು ಔಷಧಿಯಲ್ಲ. ಗುರುತಿಸುವುದು ಹೇಗೆ ಅಂತ ಕೊನೆಯಲ್ಲಿ ಬರೆದಿದ್ದೇನೆ, ದಯವಿಟ್ಟು ಅಲ್ಲಿಯವರೆಗೂ ಓದಿ.

ಹಂತ 1: ನಿಮ್ಮ ನೋವನ್ನು ಬರೆದಿಡಿ

ಒಂದು ಪುಟ್ಟ ಪುಸ್ತಕ ಅಥವಾ ಫೋನಿನ ಕ್ಯಾಲೆಂಡರ್ ಸಾಕು. ರಕ್ತ ಶುರುವಾದ ದಿನ, ನೋವು ಶುರುವಾದ ಹೊತ್ತು, 0ಯಿಂದ 10ರ ಅಳತೆಯಲ್ಲಿ ಎಷ್ಟು ನೋವು, ಎಲ್ಲಿ (ಕಿಬ್ಬೊಟ್ಟೆಯೋ, ಸೊಂಟವೋ, ತೊಡೆಯೋ), ಏನು ಮಾಡಿದಿರಿ, ಅದಾಗಿ ಒಂದು ಗಂಟೆಗೆ ನೋವು ಎಷ್ಟಿತ್ತು. ಇಷ್ಟೇ. ಪ್ಯಾಡ್ ಎಷ್ಟು ಗಂಟೆಗೊಮ್ಮೆ ಬದಲಿಸಬೇಕಾಯಿತು ಅಂತಲೂ ಬರೆದರೆ ಇನ್ನೂ ಒಳ್ಳೆಯದು.

ಎರಡು ಮೂರು ತಿಂಗಳು ಬರೆದರೆ ನಿಮ್ಮದೇ ಒಂದು ಕ್ರಮ ಕಾಣುತ್ತದೆ. ಕೆಲವರಿಗೆ ರಕ್ತ ಕಾಣುವ ಹಿಂದಿನ ಸಂಜೆ ಸೊಂಟ ಭಾರವಾಗುತ್ತದೆ. ಕೆಲವರಿಗೆ ಬೆಳಗಿನ ಜಾವ ಎಚ್ಚರವಾಗಿಯೇ ನೋವು ಗೊತ್ತಾಗುವುದು. ಆ ಮೊದಲ ಸೂಚನೆ ಯಾವುದು ಅಂತ ಹಿಡಿದರೆ ಅರ್ಧ ಕೆಲಸ ಆದಂತೆ, ಯಾಕೆಂದರೆ ಮುಂದಿನ ಎಲ್ಲ ಹಂತಗಳೂ ಆ ಸೂಚನೆಯಿಂದ ಶುರುವಾಗುತ್ತವೆ. ಮುಟ್ಟು 21ರಿಂದ 35 ದಿನಕ್ಕೊಮ್ಮೆ ಬರುವುದು ಸಾಮಾನ್ಯ. ಹೊಸದಾಗಿ ಶುರುವಾದ ಹುಡುಗಿಯರಲ್ಲಿ ಇದು ಇನ್ನೂ ಹಿಂದೆ ಮುಂದೆ ಆಗುತ್ತದೆ, ಹಾಗಿದ್ದಾಗ ತಾರೀಖಿಗಿಂತ ಮೈ ಕೊಡುವ ಸೂಚನೆಯನ್ನೇ ನಂಬಿ.

ಹಂತ 2: ಬೇಕಾದ್ದನ್ನು ಮುಂಚೆಯೇ ಒಂದು ಕಡೆ ಇಡಿ

ನೋವಿನಲ್ಲಿ ಬೀರು ತಡಕುವುದು ಯಾರಿಗೂ ಬೇಡ. ಬಿಸಿನೀರಿನ ಚೀಲ, ಅದಕ್ಕೊಂದು ದಪ್ಪ ಬಟ್ಟೆ, ಶುಂಠಿ, ನಿಮಗೆ ಆಗಿಬರುವ ನೋವಿನ ಮಾತ್ರೆ, ಸ್ವಲ್ಪ ಎಣ್ಣೆ, ಪ್ಯಾಡ್ ಅಥವಾ ಕಪ್, ಇವಿಷ್ಟು ಒಂದೇ ಜಾಗದಲ್ಲಿರಲಿ. ಕೆಲಸಕ್ಕೋ ಕಾಲೇಜಿಗೋ ಹೋಗುವವರು ಬ್ಯಾಗಿನಲ್ಲೂ ಒಂದು ಸಣ್ಣ ಪೊಟ್ಟಣ ಇಟ್ಟುಕೊಳ್ಳಿ.

ಹಂತ 3: ಶಾಖ

ಮನೆಯಲ್ಲಿ ಮಾಡುವ ಎಲ್ಲದರಲ್ಲಿ ನಾನು ಒಂದನ್ನೇ ಆರಿಸಬೇಕಾದರೆ ಇದನ್ನೇ ಆರಿಸುತ್ತೇನೆ. ಶಾಖಕ್ಕೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ಆ ಭಾಗಕ್ಕೆ ರಕ್ತದ ಓಡಾಟ ಹೆಚ್ಚುತ್ತದೆ. ರಕ್ತ ಸಿಗದೆ ನೋಯುತ್ತಿರುವ ಸ್ನಾಯುವಿಗೆ ಬೇಕಿರುವುದೂ ಅದೇ ಅಲ್ವಾ? 2001ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ಪಟ್ಟಿಯನ್ನು ದಿನಕ್ಕೆ 12 ಗಂಟೆಯಂತೆ ಎರಡು ದಿನ ಕಿಬ್ಬೊಟ್ಟೆಗೆ ಕಟ್ಟಿ ನೋಡಿದರು. ಅದು ಐಬುಪ್ರೊಫೇನ್ ಅನ್ನುವ ನೋವಿನ ಮಾತ್ರೆಗೆ ಸರಿಸಮನಾಗಿ ನೋವು ಇಳಿಸಿತು. ಮಾತ್ರೆ ಮತ್ತು ಶಾಖ ಎರಡೂ ತೆಗೆದುಕೊಂಡವರಿಗೆ ಸುಮಾರು ಒಂದೂವರೆ ಗಂಟೆಯಲ್ಲೇ ಹಾಯೆನಿಸಿತು, ಬರೀ ಮಾತ್ರೆ ತೆಗೆದುಕೊಂಡವರಿಗೆ ಹತ್ತಿರ ಹತ್ತಿರ ಮೂರು ಗಂಟೆ ಹಿಡಿಯಿತು.

ಇಲ್ಲಿ ಗಮನಿಸಬೇಕಾದ್ದು ಆ 39 ಡಿಗ್ರಿ. ಮೈಯ ಬಿಸಿಗಿಂತ ಎರಡೇ ಡಿಗ್ರಿ ಹೆಚ್ಚು! ಹದವಾದ ಶಾಖವನ್ನು ತುಂಬ ಹೊತ್ತು ಕೊಡುವುದು ಮುಖ್ಯ, ಸುಡುವಷ್ಟು ಬಿಸಿಯನ್ನು ಹತ್ತು ನಿಮಿಷ ಒತ್ತಿಹಿಡಿಯುವುದಲ್ಲ. ನೋವು ಜೋರಿದ್ದಾಗ ಚರ್ಮ ಸುಡುತ್ತಿರುವುದೂ ಗೊತ್ತಾಗುವುದಿಲ್ಲ, ಬಿಸಿ ಹೆಚ್ಚಿದಷ್ಟೂ ಒಳ್ಳೆಯದು ಅನ್ನಿಸಿಬಿಡುತ್ತದೆ. ನನ್ನ ಹೊಟ್ಟೆಯ ಮೇಲೆ ತಿಂಗಳುಗಟ್ಟಲೆ ಕಂದು ಬಣ್ಣದ ಬಲೆಯಂಥ ಕಲೆ ಉಳಿದಿತ್ತು, ಅತಿ ಬಿಸಿಯನ್ನು ಮತ್ತೆ ಮತ್ತೆ ಒಂದೇ ಜಾಗಕ್ಕೆ ಕೊಟ್ಟಿದ್ದಕ್ಕೆ.

ಮಾಡುವ ಬಗೆ ಹೀಗೆ. ನೀರು ಕುದಿದ ಮೇಲೆ ಒಲೆ ಆರಿಸಿ ಕೆಲವು ನಿಮಿಷ ಬಿಡಿ, ಕುದಿಯುವ ನೀರನ್ನೇ ಚೀಲಕ್ಕೆ ಸುರಿಯಬೇಡಿ. ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ, ಚೀಲವನ್ನು ಮೆಲ್ಲಗೆ ಒತ್ತಿ ಒಳಗಿನ ಗಾಳಿ ತೆಗೆದು ಮುಚ್ಚಳ ಬಿಗಿ ಮಾಡಿ, ಬಗ್ಗಿಸಿ ನೀರು ಸೋರುತ್ತದಾ ಅಂತ ನೋಡಿ. ರಬ್ಬರ್ ಸೀಳು ಬಿಟ್ಟಿದ್ದರೆ ಆ ಚೀಲ ಎಸೆಯಿರಿ, ಯೋಚನೆಯೇ ಬೇಡ. ಬಟ್ಟೆ ಸುತ್ತಿ, ಹೊಕ್ಕುಳ ಕೆಳಗೆ ಇಟ್ಟುಕೊಳ್ಳಿ. ಸೊಂಟ ಜಾಸ್ತಿ ನೋಯುವವರು ಬೆನ್ನ ಕೆಳಭಾಗಕ್ಕೆ ಇಟ್ಟುಕೊಳ್ಳಿ, ಆದರೆ ಚೀಲದ ಮೇಲೆ ಭಾರ ಹಾಕಿ ಮಲಗಬೇಡಿ, ಒಡೆಯುತ್ತದೆ. 20 ನಿಮಿಷ ಇಟ್ಟು, ಚರ್ಮ ನೋಡಿ, ಸ್ವಲ್ಪ ಬಿಡುವು ಕೊಟ್ಟು ಮತ್ತೆ ಇಡಿ. ಹೀಗೆ ದಿನವಿಡೀ ಎಷ್ಟು ಸಲ ಬೇಕಾದರೂ ಮಾಡಬಹುದು.

ಚೀಲವಿಲ್ಲದಿದ್ದರೆ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಹಾಕಿಕೊಳ್ಳಬಹುದು, ಬೇಗ ಆರುತ್ತದೆ ಅನ್ನುವುದೊಂದೇ ತೊಂದರೆ. ಬೆಚ್ಚಗಿನ ನೀರಿನ ಸ್ನಾನವೂ ಅಷ್ಟೇ ಒಳ್ಳೆಯದು, ಸೊಂಟದ ಮೇಲೆ ಐದು ಹತ್ತು ನಿಮಿಷ ನೀರು ಬೀಳುತ್ತಿರಲಿ. ರಕ್ತ ಜಾಸ್ತಿ ಹೋಗುತ್ತಿರುವ ದಿನ ತಲೆ ಸುತ್ತಬಹುದು, ಬಾಗಿಲ ಚಿಲಕ ಹಾಕದೆ ಸ್ನಾನ ಮಾಡಿ, ನಿಧಾನ ಎದ್ದೇಳಿ. ಹೊರಗೆ ಹೋಗಲೇಬೇಕಾದ ದಿನಕ್ಕೆ ಬಟ್ಟೆಯ ಒಳಗೆ ಅಂಟಿಸಿಕೊಳ್ಳುವ ಶಾಖದ ಪಟ್ಟಿಗಳಿವೆ. ಅವನ್ನು ಒಳಬಟ್ಟೆಯ ಮೇಲೆ ಅಂಟಿಸಬೇಕು, ಬರಿಮೈಗಲ್ಲ.

ಎರಡು ಎಚ್ಚರಿಕೆ. ನೋವಿನ ಮುಲಾಮು ಹಚ್ಚಿದ ಜಾಗದ ಮೇಲೆ ಬಿಸಿ ಚೀಲ ಇಡಬೇಡಿ, ಬೇಗ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾದವರು ಬಿಸಿಯನ್ನು ಬೇರೆಯವರ ಕೈಯಲ್ಲಿ ಮುಟ್ಟಿಸಿ ನೋಡಿಯೇ ಇಟ್ಟುಕೊಳ್ಳಿ.

ಹಂತ 4: ಶುಂಠಿ, ಮತ್ತೆ ಉಳಿದ ಕುಡಿಯುವ ಮದ್ದುಗಳು

ಕುಡಿಯುವ ಮನೆಮದ್ದುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಶುಂಠಿ. ದೇಹ ಪ್ರೊಸ್ಟಗ್ಲಾಂಡಿನ್ ತಯಾರಿಸುವುದನ್ನು ಅದು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ. ಅಧ್ಯಯನಗಳಲ್ಲಿ ಕೊಟ್ಟಿದ್ದು ದಿನಕ್ಕೆ 750ರಿಂದ 2000 ಮಿಲಿಗ್ರಾಂ ಒಣಶುಂಠಿ ಪುಡಿ, ಮುಟ್ಟಿನ ಮೊದಲ ಮೂರು ನಾಲ್ಕು ದಿನ. ಅಳತೆಯಲ್ಲಿ ಹೇಳುವುದಾದರೆ ಇಡೀ ದಿನಕ್ಕೆ ಅರ್ಧ ಟೀ ಚಮಚದಿಂದ ಒಂದು ಟೀ ಚಮಚದೊಳಗೆ, ಅದನ್ನೂ ಮೂರು ನಾಲ್ಕು ಪಾಲು ಮಾಡಿ. ಒಂದೇ ಸಲಕ್ಕೆ ಸುರಿದುಕೊಂಡು ಕುಡಿದರೆ ಎದೆಯುರಿ ಬರುತ್ತದೆ, ಅಷ್ಟೇ.

ಹಸಿ ಶುಂಠಿಯಾದರೆ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ತುಂಡು ಜಜ್ಜಿ, ಒಂದು ದೊಡ್ಡ ಲೋಟ ನೀರಿನಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ ಬಿಸಿಬಿಸಿ ಕುಡಿಯಿರಿ. ದಿನಕ್ಕೆ ಮೂರು ಸಲ. ಆ ಮೊದಲ ಸೂಚನೆ ಬಂದ ಕೂಡಲೇ ಮೊದಲ ಲೋಟ ಆಗಬೇಕು, ನೋವಿನ ದಿನಗಳು ಮುಗಿದ ಮೇಲೆ ನಿಲ್ಲಿಸಿ. ವಾಕರಿಕೆ ಇರುವವರಿಗೆ ಇದು ಎರಡು ರೀತಿಯಲ್ಲಿ ಉಪಕಾರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಹೀಗೆ ಔಷಧಿಯ ಅಳತೆಯಲ್ಲಿ ಶುಂಠಿ ತೆಗೆದುಕೊಳ್ಳಬೇಡಿ.

ಸೋಂಪಿನ ಕಷಾಯ, ಚಕ್ಕೆಯ ಪುಡಿ ಇವುಗಳ ಮೇಲೂ ಸಣ್ಣ ಸಣ್ಣ ಅಧ್ಯಯನಗಳಾಗಿವೆ, ಕೆಲವರಿಗೆ ಹಿತವಾಗುತ್ತವೆ. ಆದರೆ ಅವುಗಳ ಮೇಲೆ ನನಗೆ ಶುಂಠಿಯಷ್ಟು ಭರವಸೆ ಇಲ್ಲ. ಚಕ್ಕೆಯನ್ನಂತೂ ಮಿತಿ ಮೀರಿ ತಿನ್ನಬೇಡಿ, ಎಲ್ಲ ಕಡೆ ಸಿಗುವ ಕ್ಯಾಸಿಯಾ ಜಾತಿಯ ಚಕ್ಕೆಯಲ್ಲಿ ಲಿವರಿಗೆ ಆಗದ ಕೂಮರಿನ್ ಅನ್ನುವ ಅಂಶ ಇರುತ್ತದೆ. ಬೆಚ್ಚಗಿನ ನೀರು ಆಗಾಗ ಕುಡಿಯುತ್ತಿರಿ, ಭೇದಿ ವಾಂತಿ ಆಗುತ್ತಿದ್ದರೆ ಇನ್ನೂ ಹೆಚ್ಚು. ಕಾಫಿ ಕೆಲವರಿಗೆ ನೋವು ಜಾಸ್ತಿ ಮಾಡುತ್ತದೆ, ಕೆಲವರಿಗೆ ಏನೂ ಮಾಡುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಬರೆದು ನೋಡಿದರೆ ನಿಮಗೇ ಗೊತ್ತಾಗುತ್ತದೆ, ಸುಮ್ನೆ ಯಾರೋ ಹೇಳಿದರು ಅಂತ ಬಿಡಬೇಕಾಗಿಲ್ಲ.

ಹಂತ 5: ಮೈಯನ್ನು ಹೇಗಿಟ್ಟುಕೊಳ್ಳಬೇಕು

ನೋವು ಬಂದಾಗ ನಾವು ಮಾಡುವ ಮೊದಲ ಕೆಲಸ ಮೈ ಬಿಗಿ ಹಿಡಿಯುವುದು. ಹೊಟ್ಟೆ, ತೊಡೆ, ದವಡೆ ಎಲ್ಲ ಬಿಗಿಯಾಗುತ್ತವೆ, ಉಸಿರೂ ಮೇಲೆ ಮೇಲೆ ಆಡುತ್ತದೆ. ಅದನ್ನು ಮೊದಲು ಬಿಡಿಸಬೇಕು. ಒಂದು ಪಕ್ಕಕ್ಕೆ ತಿರುಗಿ ಮಲಗಿ, ಮಂಡಿಗಳನ್ನು ಹೊಟ್ಟೆಯ ಕಡೆಗೆ ಮಡಚಿ, ಎರಡು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಉಸಿರು ಬಿಡುವಾಗ ದವಡೆಯನ್ನು ಸಡಿಲ ಬಿಡಿ. ಐದು ನಿಮಿಷ ಮಾಡಿ ನೋಡಿ.

ಸ್ವಲ್ಪ ಸಡಿಲವಾದ ಮೇಲೆ ಮಂಡಿಯೂರಿ ಕುಳಿತು, ಮುಂದಕ್ಕೆ ಬಾಗಿ ಹಣೆಯನ್ನು ದಿಂಬಿನ ಮೇಲಿಟ್ಟು, ಕೈ ಮುಂದೆ ಚಾಚಿ ಹಾಗೇ ಒಂದೆರಡು ನಿಮಿಷ ಇರಿ. ಇದು ಬಾಲಾಸನ. ಆಮೇಲೆ ಕೈ ಮಂಡಿಗಳ ಮೇಲೆ ನಿಂತು ಬೆನ್ನನ್ನು ಮೇಲಕ್ಕೆ ಬಿಲ್ಲಿನ ಹಾಗೆ ಬಾಗಿಸುವುದು, ಮತ್ತೆ ಕೆಳಕ್ಕೆ ಇಳಿಸುವುದು, ಉಸಿರಿನ ಜೊತೆಗೆ ನಿಧಾನವಾಗಿ ಎಂಟು ಹತ್ತು ಸಲ. ಸೊಂಟನೋವಿಗೆ ಇದು ನನಗೆ ತುಂಬ ಇಷ್ಟ. ಎದ್ದು ಮನೆಯೊಳಗೇ ಹತ್ತು ನಿಮಿಷ ಓಡಾಡಲು ಸಾಧ್ಯವಾದರೆ ಓಡಾಡಿ, ಆಗದಿದ್ದರೆ ಮಲಗಿ. ಮೊದಲ ದಿನ ಮಲಗಲೇಬೇಕು ಅನ್ನಿಸಿದರೆ ಮಲಗುವುದು ತಪ್ಪಲ್ಲ.

ಯಾರಾದರೂ ಹತ್ತಿರವಿದ್ದರೆ ಸೊಂಟ ತಿಕ್ಕಿಸಿಕೊಳ್ಳಿ. ಬೆಚ್ಚಗಿನ ಎಣ್ಣೆ ಅಂಗೈಗೆ ಹಾಕಿಕೊಂಡು ಬೆನ್ನ ಕೆಳಭಾಗದಲ್ಲಿ ಅಂಗೈಯ ಬುಡದಿಂದ ನಿಧಾನವಾಗಿ ಒತ್ತಬೇಕು. ಕಿಬ್ಬೊಟ್ಟೆಯಾದರೆ ಒತ್ತಬಾರದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹಗುರವಾಗಿ ಸುತ್ತು ಹಾಕಬೇಕು. ಇನ್ನೊಂದು, ಪಾದದ ಒಳಗಿಣ್ಣಿನ ಮೂಳೆಯಿಂದ ನಾಲ್ಕು ಬೆರಳಗಲ ಮೇಲೆ, ಕಾಲ ಮೂಳೆಯ ಹಿಂದೆ ಒಂದು ಬಿಂದುವನ್ನು ಆಕ್ಯುಪ್ರೆಶರ್‌ನವರು ಮುಟ್ಟಿನ ನೋವಿಗೆ ಬಳಸುತ್ತಾರೆ. ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ನೋಡಬಹುದು. ಇದಕ್ಕೆ ಗಟ್ಟಿ ಪುರಾವೆ ಇಲ್ಲ, ಆದರೆ ಖರ್ಚೂ ಇಲ್ಲ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮಾತ್ರ ಒತ್ತಬೇಡಿ.

ಹಂತ 6: ಮಾತ್ರೆ ತೆಗೆದುಕೊಳ್ಳುವುದಾದರೆ ಸರಿಯಾಗಿ ತೆಗೆದುಕೊಳ್ಳಿ

ಮನೆಮದ್ದಿನ ಮಾತಿನಲ್ಲಿ ಮಾತ್ರೆ ಯಾಕೆ ಅಂತ ಕೇಳಬಹುದು. ಎಷ್ಟೋ ಹೆಣ್ಣುಮಕ್ಕಳು ಮಾತ್ರೆ ಅಂದರೆ ಏನೋ ದೊಡ್ಡ ತಪ್ಪು ಮಾಡಿದ ಹಾಗೆ ಹೆದರಿ, ತಿಂಗಳಿಗೆರಡು ದಿನ ಒದ್ದಾಡುವುದನ್ನೇ ಒಪ್ಪಿಕೊಂಡಿದ್ದಾರೆ. ಅದು ನನಗೆ ಸಂಕಟ ತರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪಿರಿನ್ ಥರದ ಮಾತ್ರೆಗಳು ದೇಹ ಪ್ರೊಸ್ಟಗ್ಲಾಂಡಿನ್ ತಯಾರಿಸುವುದನ್ನೇ ತಡೆಯುತ್ತವೆ ಅಂತ ಜಾನ್ ವೇನ್ ಅನ್ನುವ ಬ್ರಿಟಿಷ್ ವಿಜ್ಞಾನಿ 1971ರಲ್ಲಿ ತೋರಿಸಿದರು. 1982ರಲ್ಲಿ ಪ್ರೊಸ್ಟಗ್ಲಾಂಡಿನ್ ಕುರಿತ ಕೆಲಸಕ್ಕೆ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್ ಇವೆಲ್ಲ ಅದೇ ಗುಂಪಿನವು. ಅಂದರೆ ಇವು ನೋವನ್ನು ಮರೆಸುವುದಿಲ್ಲ, ನೋವಿನ ಮೂಲವನ್ನೇ ತಗ್ಗಿಸುತ್ತವೆ. ಆಗಲೇ ತಯಾರಾಗಿ ಹೊರಬಂದ ಪ್ರೊಸ್ಟಗ್ಲಾಂಡಿನ್‌ಗೆ ಇವು ಏನೂ ಮಾಡಲಾರವು. ಹಾಗಾಗಿ ರಕ್ತ ಕಂಡ ಕೂಡಲೇ, ಅಥವಾ ಮೊದಲ ಸೂಚನೆ ಸಿಕ್ಕ ಕೂಡಲೇ ತೆಗೆದುಕೊಳ್ಳಬೇಕು. ನೋವು 9ಕ್ಕೆ ಏರಿದ ಮೇಲೆ ನುಂಗಿ "ಈ ಮಾತ್ರೆ ನನಗೆ ಕೆಲಸ ಮಾಡಲ್ಲ" ಅಂದರೆ ಅದು ಮಾತ್ರೆಯ ತಪ್ಪಲ್ಲ.

ದೊಡ್ಡವರಿಗೆ ಐಬುಪ್ರೊಫೇನ್ 200ರಿಂದ 400 ಮಿಲಿಗ್ರಾಂ, ಆರರಿಂದ ಎಂಟು ಗಂಟೆಗೊಮ್ಮೆ. ವೈದ್ಯರು ಹೇಳದೆ ದಿನಕ್ಕೆ 1200 ಮಿಲಿಗ್ರಾಂ ಮೀರಬಾರದು. ಹೊಟ್ಟೆಗೆ ಏನಾದರೂ ತಿಂದೇ ತೆಗೆದುಕೊಳ್ಳಿ. ಎರಡು ಮೂರು ದಿನ ಸಾಕು. ಈ ಗುಂಪಿನ ಎರಡು ಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು, ಆಸ್ಪಿರಿನ್‌ಗೆ ಉಬ್ಬಸ ಬರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯಾಗಿರಬಹುದು ಅನ್ನುವ ಅನುಮಾನ ಇರುವವರು ಇವುಗಳಿಂದ ದೂರ ಇರಬೇಕು. ಅಂಥವರಿಗೆ ಪ್ಯಾರಾಸಿಟಮಾಲ್ ಆಗಬಹುದೇ ಅಂತ ವೈದ್ಯರನ್ನು ಕೇಳಿ. ಅದು ಈ ನೋವಿಗೆ ಅಷ್ಟು ಬಲವಾಗಿ ಕೆಲಸ ಮಾಡುವುದಿಲ್ಲ, ಲಿವರ್ ತೊಂದರೆ ಇರುವವರಿಗೆ ಅದೂ ಎಚ್ಚರಿಕೆಯದೇ. ಹುಡುಗಿಯರಿಗೆ ಕೊಡುವಾಗ ವಯಸ್ಸು, ತೂಕ ನೋಡಿ ವೈದ್ಯರು ಹೇಳಿದ ಅಳತೆಯಲ್ಲೇ ಕೊಡಿ, 16 ವರ್ಷದೊಳಗಿನವರಿಗೆ ಆಸ್ಪಿರಿನ್ ಅಂತೂ ಬೇಡವೇ ಬೇಡ.

ಮಾತ್ರೆ ಆಗಿಬರದವರಿಗೆ ಟೆನ್ಸ್ ಅನ್ನುವ ಪುಟ್ಟ ಯಂತ್ರವಿದೆ. ಕಿಬ್ಬೊಟ್ಟೆಗೋ ಸೊಂಟಕ್ಕೋ ಪಟ್ಟಿ ಅಂಟಿಸಿದರೆ ಸಣ್ಣ ವಿದ್ಯುತ್ ಕಂಪನ ಕೊಟ್ಟು ನೋವಿನ ಸಂದೇಶ ಮಿದುಳಿಗೆ ಹೋಗುವುದನ್ನು ತಗ್ಗಿಸುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಬಳಸಬಾರದು.

ಹಂತ 7: ಉಳಿದ ಇಪ್ಪತ್ತೈದು ದಿನ

ನೋವಿಲ್ಲದ ದಿನ ಈ ವಿಷಯ ಯಾರಿಗೂ ನೆನಪಿರುವುದಿಲ್ಲ, ಆದರೆ ಮುಂದಿನ ತಿಂಗಳ ನೋವು ತಗ್ಗಿಸುವ ಕೆಲಸ ಈಗಲೇ ಆಗಬೇಕು. ವ್ಯಾಯಾಮದ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2019ರಲ್ಲಿ ಕಾಕ್ರೇನ್ ಸಂಸ್ಥೆ ಒಂದು ವಿಮರ್ಶೆ ಮಾಡಿತು. ವಾರಕ್ಕೆ ಮೂರು ಸಲ, ಸಲಕ್ಕೆ 45ರಿಂದ 60 ನಿಮಿಷ ವ್ಯಾಯಾಮ ಮಾಡಿದವರಲ್ಲಿ ಮುಟ್ಟಿನ ನೋವು ಗಮನಿಸುವಷ್ಟು ಇಳಿದಿತ್ತು, ಏನೂ ಮಾಡದವರಿಗೆ ಹೋಲಿಸಿದರೆ 100ರ ಅಳತೆಯಲ್ಲಿ ಸುಮಾರು 25 ಅಂಶ ಕಡಿಮೆ. ಅಧ್ಯಯನಗಳು ಸಣ್ಣವು, ಆದರೂ ಈ ಇಳಿತ ಸಣ್ಣದಲ್ಲ. ಯಾವ ವ್ಯಾಯಾಮ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬಿರುಸು ನಡಿಗೆ, ಯೋಗ, ಈಜು, ನೃತ್ಯ, ನಿಮಗೆ ಬಿಡದೆ ಮಾಡಲು ಆಗುವುದು ಯಾವುದೋ ಅದು. ಎರಡು ಮೂರು ತಿಂಗಳು ಮಾಡದೆ ಫಲ ನೋಡಬೇಡಿ.

ಸಿಗರೇಟ್ ಸೇದುವವರಲ್ಲಿ ಮುಟ್ಟಿನ ನೋವು ಜಾಸ್ತಿ, ಬಿಡಲು ಇದೂ ಒಂದು ಕಾರಣವಾಗಲಿ. ನಿದ್ದೆಗೆಟ್ಟ ವಾರದ ನಂತರ ಬರುವ ಮುಟ್ಟು ಹೇಗಿತ್ತು ಅಂತ ನಿಮ್ಮ ಪುಸ್ತಕದಲ್ಲೇ ನೋಡಿ. ರಕ್ತ ಹೆಚ್ಚು ಹೋಗುವವರು ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ, ಕಬ್ಬಿಣದ ಅಂಶ ಕಡಿಮೆಯಾದರೆ ಸುಸ್ತು, ತಲೆಸುತ್ತು ಎಲ್ಲ ನೋವಿನ ಜೊತೆ ಸೇರಿಕೊಂಡು ಇನ್ನಷ್ಟು ಹೈರಾಣಾಗಿಸುತ್ತವೆ.

ಎಲ್ಲವನ್ನೂ ಒಂದು ದಿನಕ್ಕೆ ಹೊಂದಿಸಿದರೆ

ರಾತ್ರಿ ಸೊಂಟ ಭಾರವಾಗಿ ಸೂಚನೆ ಸಿಕ್ಕಿತು ಅಂದುಕೊಳ್ಳಿ. ಆಗಲೇ ಒಂದು ಲೋಟ ಶುಂಠಿ ನೀರು, ಬೆಚ್ಚಗಿನ ಸ್ನಾನ, ಬೇಗ ಮಲಗುವುದು. ಚೀಲಕ್ಕೆ ಬಿಸಿನೀರು ತುಂಬಿ ಹಾಸಿಗೆ ಬೆಚ್ಚಗೆ ಮಾಡಿಕೊಳ್ಳಿ, ನಿದ್ದೆ ಹತ್ತುವ ಮುಂಚೆ ಪಕ್ಕಕ್ಕಿಡಿ. ಬೆಳಿಗ್ಗೆ ರಕ್ತ ಕಂಡ ತಕ್ಷಣ ಏನಾದರೂ ತಿಂದು, ಮಾತ್ರೆ ತೆಗೆದುಕೊಳ್ಳುವವರು ತೆಗೆದುಕೊಂಡು, ಚೀಲ ತುಂಬಿ ಹೊಟ್ಟೆಯ ಮೇಲಿಡಿ. ಅದಾಗಿ ಒಂದು ಗಂಟೆಯ ಮೇಲೆ ನೋವು ಎಷ್ಟಿದೆ ಅಂತ ಬರೆಯಿರಿ. ಸ್ವಲ್ಪ ಸಡಿಲವಾಗಿದ್ದರೆ ಬಾಗುವ ಆಸನಗಳು, ಹತ್ತು ನಿಮಿಷ ಓಡಾಟ. ಮಧ್ಯಾಹ್ನ, ಸಂಜೆ ಮತ್ತೆ ಶುಂಠಿ, ಮತ್ತೆ ಶಾಖ. ಎರಡನೆಯ ದಿನವೂ ಹೀಗೇ, "ಇವತ್ತು ಪರವಾಗಿಲ್ಲ" ಅಂತ ಮಧ್ಯದಲ್ಲೇ ಬಿಟ್ಟರೆ ಸಂಜೆಗೆ ನೋವು ವಾಪಸ್ ಬರುವುದುಂಟು. ಮೂರನೆಯ ದಿನಕ್ಕೆ ಹೆಚ್ಚಿನವರಿಗೆ ಏನೂ ಬೇಕಾಗುವುದಿಲ್ಲ.

ಮನೆಯಲ್ಲಿ ಕಾಯಬಾರದ ನೋವು

ಮೂರು ತಿಂಗಳು ಇಷ್ಟೆಲ್ಲ ಸರಿಯಾದ ಹೊತ್ತಿಗೆ ಮಾಡಿಯೂ ನೋವು ನಿಮ್ಮನ್ನು ಕೆಲಸ, ಶಾಲೆ, ನಿದ್ದೆಯಿಂದ ದೂರ ಇಡುತ್ತಿದ್ದರೆ ವೈದ್ಯರ ಹತ್ತಿರ ಹೋಗಿ. ವರ್ಷಗಳ ಕಾಲ ಸರಿಯಾಗಿದ್ದು ಈಗ ಹೊಸದಾಗಿ ನೋವು ಶುರುವಾಗಿದ್ದರೆ, ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋಯುತ್ತಿದ್ದರೆ, ಮುಟ್ಟಿನ ದಿನಗಳಲ್ಲಿ ಮಲ ಮೂತ್ರ ವಿಸರ್ಜಿಸುವಾಗ ನೋವಾಗುತ್ತಿದ್ದರೆ, ಗಂಡ ಹೆಂಡತಿ ಸೇರುವಾಗ ಒಳಗೆ ನೋಯುತ್ತಿದ್ದರೆ ಮೂರು ತಿಂಗಳು ಕಾಯುವುದೂ ಬೇಡ. ಒಂದೆರಡು ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ಯುವುದು, ಏಳು ದಿನ ದಾಟಿಯೂ ರಕ್ತ ಹೋಗುವುದು, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಹೆಪ್ಪುಗಳು ಬೀಳುವುದು, ಇವೂ ತೋರಿಸಬೇಕಾದವೇ.

ಕೆಲವಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮುಟ್ಟು ತಪ್ಪಿ ಆಮೇಲೆ ರಕ್ತ ಕಂಡು ಒಂದು ಬದಿ ತೀವ್ರವಾಗಿ ನೋಯುವುದು ಗರ್ಭನಾಳದಲ್ಲಿ ಗರ್ಭ ನಿಂತದ್ದಿರಬಹುದು, ಅದು ಜೀವಕ್ಕೆ ಅಪಾಯ. ಇದ್ದಕ್ಕಿದ್ದ ಹಾಗೆ ಒಂದು ಬದಿ ಸಹಿಸಲಾಗದ ನೋವು, ಜೊತೆಗೆ ವಾಂತಿ, ಇದು ಅಂಡಾಶಯ ತಿರುಚಿಕೊಂಡದ್ದಿರಬಹುದು. ಜ್ವರ, ಕೆಟ್ಟ ವಾಸನೆಯ ಸ್ರಾವ ಇದ್ದರೆ ಸೋಂಕಿರಬಹುದು. ಟ್ಯಾಂಪೂನ್ ಅಥವಾ ಕಪ್ ಬಳಸುವಾಗ ಜ್ವರ, ಮೈಮೇಲೆ ಕೆಂಪು ಗಂಧೆ, ತಲೆಸುತ್ತು ಬಂದರೆ ಅದನ್ನು ತೆಗೆದುಹಾಕಿ ಕೂಡಲೇ ಹೊರಡಿ. ಎಚ್ಚರ ತಪ್ಪಿ ಬಿದ್ದರೂ ಅಷ್ಟೇ.

ವೈದ್ಯರ ಹತ್ತಿರ ಹೋಗುವಾಗ ಆ ನೋವಿನ ಪುಸ್ತಕ ತೆಗೆದುಕೊಂಡು ಹೋಗಿ. "ತುಂಬ ನೋವು ಡಾಕ್ಟ್ರೇ" ಅನ್ನುವುದಕ್ಕಿಂತ "ಮೂರು ತಿಂಗಳಿಂದ ಮೊದಲ ದಿನ 9, ಎರಡನೆಯ ದಿನ 8, ಮಾತ್ರೆ ತೆಗೆದುಕೊಂಡು ಒಂದು ಗಂಟೆಗೆ 7, ಎರಡು ದಿನ ಕೆಲಸಕ್ಕೆ ಹೋಗಲಿಲ್ಲ" ಅಂದರೆ ತಳ್ಳಿಹಾಕಲು ಆಗುವುದಿಲ್ಲ. ನನಗೆ ಹದಿನೇಳು ವರ್ಷವಿದ್ದಾಗ ಒಬ್ಬ ವೈದ್ಯರು "ಎಲ್ಲರಿಗೂ ಇರುತ್ತೆ, ಮದುವೆಯಾದರೆ ಸರಿಹೋಗುತ್ತೆ" ಅಂತ ಹೇಳಿ ಕಳಿಸಿದ್ದರು. ಆಗ ನನ್ನ ಕೈಯಲ್ಲಿ ಇಂಥದ್ದೊಂದು ಪುಸ್ತಕ ಇರಲಿಲ್ಲ. ಸ್ಕ್ಯಾನಿಂಗ್ ಸರಿಯಿದೆ ಅಂದ ಮಾತ್ರಕ್ಕೆ ಎಂಡೋಮೆಟ್ರಿಯೋಸಿಸ್ ಇಲ್ಲ ಅಂತಲೂ ಅಲ್ಲ, ಎಷ್ಟೋ ಸಲ ಅದು ಸ್ಕ್ಯಾನಿಂಗ್‌ನಲ್ಲಿ ಕಾಣುವುದೇ ಇಲ್ಲ. ಹಾಗಾಗಿ "ಎಂಡೋಮೆಟ್ರಿಯೋಸಿಸ್ ಇರಬಹುದಾ, ಮುಂದೆ ಯಾವ ಪರೀಕ್ಷೆ ಮಾಡಬಹುದು, ಹಾರ್ಮೋನ್ ಮಾತ್ರೆ ನನಗೆ ಆಗುತ್ತದಾ" ಅಂತ ಬಾಯಿಬಿಟ್ಟು ಕೇಳಿ. ಒಬ್ಬರು ಕೇಳಿಸಿಕೊಳ್ಳದಿದ್ದರೆ, ಅದೇ ಪುಸ್ತಕ ಹಿಡಿದು ಇನ್ನೊಬ್ಬರ ಹತ್ತಿರ ಹೋಗಿ.